ಇಟಲಿಯಾಕಿ ‘ಮನಿ’ ಅಂದದ್ದು

ನಮ್ಮ ಕುಷಾಯಿಗೂಡದ ಕಾಲೊನಿಯಲ್ಲಿ ಇಟಾಲಿಯನ್ ಭಾಷೆ ಬಲ್ಲವರು ಒಬ್ಬರೇ ಇದ್ದರು, ಶಿವಶರಣಪ್ಪನವರು. ಅವರಿಗೆ ಬರುತ್ತಿದ್ದ ಇಟಾಲಿಯನ್ನಿನಲ್ಲಿ ಒಟ್ಟು ನಾಲ್ಕು ಶಬ್ದಗಳಿದ್ದವು, ನಾಲ್ಕೂ ಕನ್ನಡದವು. ಇದು ನಮಗೆಲ್ಲ ಗೊತ್ತಾಗಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು.

ಅವರು ಚಿತ್ತಾಪುರದ ಕಡೆಯವರು. ಐ.ಟಿ.ಐ. ಮುಗಿಸಿ ಹೈದರಾಬಾದಿಗೆ ಬಂದು, ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿ, ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದವರು. ನಾನು ನಲಿನಿ, ಅವರ ಪಕ್ಕದ ಮನೆಯವಳು. ಬೇಗಂಪೇಟೆಯ ಸರ್ಕಾರಿ ಕಚೇರಿಗೆ ಬಸ್ಸಿನಲ್ಲಿ ಜೋತಾಡಿ ಜೋತಾಡಿ ನೌಕರಿ ಮುಗಿಸಿದೆ. ಈಗ ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಕುರ್ಚಿ ಹಾಕಿಸುವವಳು, ಮಿರ್ಚಿ ಭಜಿ ತರಿಸುವವಳು, ಬೈಸಿಕೊಳ್ಳುವವಳು. ಆದ್ದರಿಂದ ನನ್ನ ನಾಲಿಗೆ ಸ್ವಲ್ಪ ಹರಿತವೆಂದು ಜನ ಅಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಶಿವಶರಣಪ್ಪನವರಿಗೆ ಇಟಲಿಯ ನಂಟು ಬೆಳೆದದ್ದು ಶೇಂಗಾ ಚಟ್ನಿಯಿಂದ. ಕಾರ್ಖಾನೆಗೆ ಯಾವುದೋ ಹೊಸ ಯಂತ್ರ ಕೂರಿಸಲು ಆ ದೇಶದಿಂದ ಎಂಜಿನಿಯರೊಬ್ಬ ಬಂದಿದ್ದನಂತೆ. ಮಧ್ಯಾಹ್ನ ಇವರ ಡಬ್ಬಿಯ ರೊಟ್ಟಿ, ಚಟ್ನಿ ಅವನಿಗೆ ಹಿಡಿಸಿಬಿಟ್ಟಿತು. ಅವನು ಇರುವಷ್ಟು ದಿನ ಇವರು ಅರ್ಧ ಹೊಟ್ಟೆ ಉಂಡರು. ಹೊರಡುವಾಗ ಆತ ಒಂದು ವಿಡಿಯೊ ಕ್ಯಾಸೆಟ್ ಕೈಗಿಟ್ಟು, ಎದೆ ಮುಟ್ಟಿಕೊಂಡು, ಕಣ್ಣು ಒರೆಸಿಕೊಂಡು ಏನೋ ಅಭಿನಯಿಸಿ ತೋರಿಸಿದನಂತೆ. ಇದನ್ನು ನೋಡಿದರೆ ಅಳು ಬರುತ್ತದೆ ಎಂದು ಹೇಳಿದ್ದು ಅಂತ ಶಿವಶರಣಪ್ಪನವರ ಅರ್ಥ. ಚಟ್ನಿಯ ಖಾರ ನೆನಪಾಗಿರಬೇಕು ಅಂತ ನನ್ನದು.

ಕ್ಯಾಸೆಟ್ಟಿನಲ್ಲಿ ಇದ್ದದ್ದು ಒಂದು ಒಪೆರಾ. ಮಾತೇ ಇಲ್ಲ, ಎಲ್ಲವೂ ಹಾಡು. ನೀರು ಕೊಡು ಅನ್ನುವುದನ್ನೂ ಹಾಡಿಯೇ ಹೇಳುವ ನಾಟಕ. ಕಂಪನಿ ನಾಟಕ ನೋಡಿ ಬೆಳೆದ ಶಿವಶರಣಪ್ಪನವರಿಗೆ ಇದೇನೂ ಹೊಸದೆನಿಸಲಿಲ್ಲ. ನಮ್ಮಲ್ಲೂ ರಾಜ ಸಾಯುವ ಮೊದಲು ಎರಡು ಹಾಡು ಹಾಡುತ್ತಿರಲಿಲ್ಲವೇ ಎಂದರು. ಕ್ಯಾಸೆಟ್ಟಿನ ಮೇಲಿನ ಬರಹ ಬೆವರಿಗೆ ಅಳಿಸಿಹೋಗಿತ್ತು. ಹಾಗಾಗಿ ನಾಟಕದ ಹೆಸರೇನು, ಬರೆದವರು ಯಾರು, ಹಾಡಿದವರು ಯಾರು, ಒಂದೂ ಗೊತ್ತಿಲ್ಲ. ಹೆಸರನ್ನು ಇವರೇ ಇಟ್ಟರು: ‘ಮನಿ’.

ಯಾಕೆಂದರೆ ನಾಯಕಿ ಮೊದಲ ಅಂಕದಿಂದ ಕೊನೆಯವರೆಗೂ ಅದೇ ಶಬ್ದ ಹಿಡಿದು ಹಾಡುತ್ತಾಳೆ. ‘ಮಾ...ನಿ, ಮಾ...ನಿ’ ಎಂದು. ಅದು ‘ಮಾನಿ’ಯಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ರಾಗ ಎಳೆಯುವಾಗ ‘ಮ’ ದೀರ್ಘವಾಗದೆ ಇನ್ನೇನಾಗುತ್ತದೆ, ನಿಮಗೆ ಸಂಗೀತ ತಿಳಿಯದು ಎಂದು ನನ್ನ ಬಾಯಿ ಮುಚ್ಚಿಸಿದರು. ಬೆಂಗಳೂರು ಕಡೆಯವರು ಯಾರಾದರೂ ಆ ಕ್ಯಾಸೆಟ್ ನೋಡಿದ್ದರೆ ಅವರಿಗೆ ಅದು ‘ಮನೆ’ ಎಂದು ಕೇಳಿಸುತ್ತಲೇ ಇರಲಿಲ್ಲ. ಮನೆಗೆ ‘ಮನಿ’ ಅನ್ನುವ ನಮ್ಮವರಿಗೆ ಮಾತ್ರ ಈ ಭಾಗ್ಯ.

ಶಬ್ದ ಒಂದು ಸಿಕ್ಕ ಮೇಲೆ ಕಥೆ ಕಟ್ಟುವುದು ಎಷ್ಟು ಹೊತ್ತು? ನಾಯಕಿ ಕಬ್ಬಿಣದ ಸರಳಿನ ಕಿಟಕಿಯ ಹಿಂದೆ ಇದ್ದಾಳೆ, ಎರಡು ಕೈ ಮಾತ್ರ ಹೊರಗೆ ಚಾಚಿದ್ದಾಳೆ. ಅದು ಅತ್ತೆಮನೆ, ಹೊರಗೆ ಬಿಡುತ್ತಿಲ್ಲ. ಗಡ್ಡದ ದಪ್ಪ ಮನುಷ್ಯ ಒಬ್ಬ ಗುಡುಗುವ ದನಿಯಲ್ಲಿ ಹಾಡುತ್ತಾನೆ. ಅವನು ಮಾವ. ‘ಬೆಲ್ಲಾ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತದೆ. ತವರಿನ ಬೆಲ್ಲ ನೆನೆಯುತ್ತಿದ್ದಾಳೆ. ‘ಎಲ್ಲಾ’ ಅನ್ನುತ್ತಾರೆ, ಅದಕ್ಕೆ ಅರ್ಥ ಹೇಳಬೇಕಾಗಿಯೇ ಇಲ್ಲ. ಕುದುರೆ ಇಳಿದು ಬರುವ ತೆಳ್ಳನೆಯ ಹುಡುಗ ಅವಳ ಅಣ್ಣ, ತವರಿಗೆ ಕರೆಯಲು ಬಂದವನು. ಅವನು ಅವಳ ಕೈಗೆ ಮುತ್ತಿಡುತ್ತಾನಲ್ಲ ಎಂದರೆ, ಅಲ್ಲಿ ಅಣ್ಣಂದಿರ ಪದ್ಧತಿಯೇ ಹಾಗೆ ಎಂದು ಉತ್ತರ. ನಡುವೆ ಸ್ವಲ್ಪ ಹೊತ್ತು ಟೇಪು ಕೆಟ್ಟು ಪರದೆಯ ತುಂಬ ಗೆರೆಗಳು. ಆ ಗೆರೆಗಳು ಮುಗಿಯುವಷ್ಟರಲ್ಲಿ ಮಾವ ಬಂದಿರುತ್ತಾನೆ, ಕತ್ತಿ ಹಿರಿದಿರುತ್ತಾನೆ. ಕೊನೆಗೆ ಅವಳು ಅಣ್ಣನ ತೊಡೆಯ ಮೇಲೆ ತಲೆಯಿಟ್ಟು ‘ಅಡ್ಡೀಯೋ, ಅಡ್ಡೀಯೋ’ ಎನ್ನುತ್ತ ಪ್ರಾಣ ಬಿಡುತ್ತಾಳೆ. ಅದು ಅಗಲುವಾಗ ಹೇಳುವ ಮಾತಂತೆ, ನನಗೆ ಗೊತ್ತಾದದ್ದು ತೀರ ಈಚೆಗೆ. ಶಿವಶರಣಪ್ಪನವರ ಕಿವಿಗೆ ಅದು ‘ಅಡ್ಡಿ ಇಲ್ಲ’ ಎಂದೇ ಬಿದ್ದಿತ್ತು. ಅಣ್ಣ ಕರೆಯಲು ತಡವಾಗಿ ಬಂದ, ಆದರೂ ಆ ತಾಯಿ ಅಡ್ಡಿ ಇಲ್ಲ ಬಿಡು ಎಂದು ಹೇಳಿ ಸತ್ತಳು. ಹೀಗೆ ಹೇಳುವಾಗ ಪ್ರತಿ ಸಲವೂ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಇಷ್ಟು ಗೇಲಿ ಮಾಡುತ್ತಿದ್ದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಅವರಿಗೆ ಕಿವಿ ಇತ್ತು. ಇಷ್ಟು ಮಂದಿ ಪಿಟೀಲು ಹಿಡಿದು ಕೂತಿದ್ದಾರೆ, ಒಬ್ಬನ ಹತ್ತಿರವೂ ಒಂದು ಪೇಟಿ ಇಲ್ಲವಲ್ಲ ಎಂದು ಹಾರ್ಮೋನಿಯಂ ಇಲ್ಲದ್ದಕ್ಕೆ ಕೊರಗುತ್ತಿದ್ದರು, ಅದು ಬೇರೆ. ಆದರೆ ಮೂರನೆಯ ಅಂಕದಲ್ಲಿ ಪಿಟೀಲುಗಳೆಲ್ಲ ಒಮ್ಮೆಲೇ ನಿಂತು, ಆ ಹೆಣ್ಣುಮಗಳ ದನಿಯೊಂದೇ ಉಳಿದು, ಅದು ತೆಳ್ಳಗಾಗುತ್ತ ಆಗುತ್ತ ಹರಿಯದೆ ನಿಲ್ಲುವ ಜಾಗ ಒಂದಿದೆ. ಆ ಜಾಗ ಬರುವ ಮೊದಲೇ ಅವರು ಕೈ ಎತ್ತಿ ನಮ್ಮನ್ನು ಸುಮ್ಮನಿರಿಸುತ್ತಿದ್ದರು. ಫ್ಯಾನು ಕೂಡ ಬಂದ್. ಒಂದು ಸಲ ಸಕ್ಕರೆ ಕೇಳಲು ಹೋದ ನಾನು ಬಟ್ಟಲು ಹಿಡಿದುಕೊಂಡು ಅಲ್ಲೇ ಬಾಗಿಲಲ್ಲಿ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ನನಗೆ ಇಟಾಲಿಯನ್ನೂ ಬರುವುದಿಲ್ಲ, ಸಂಗೀತವೂ ಬರುವುದಿಲ್ಲ, ಸುಲಭಕ್ಕೆ ಅಳುವುದೂ ಬರುವುದಿಲ್ಲ.

ಪ್ರತಿ ಭಾನುವಾರ ಬೆಳಗಿನ ನಾಷ್ಟಾ ಆದ ಮೇಲೆ ಇದು ಅವರ ಮನೆಯ ನೇಮ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಗೆರೆಗಳು ಮಾತ್ರ ಗೆರೆಗಳಾಗಿಯೇ ಉಳಿದವು. ಅವರ ಹೆಂಡತಿ ಬಸಲಿಂಗಮ್ಮ ಮೊರದಲ್ಲಿ ಜೋಳವನ್ನೋ ಸೊಪ್ಪನ್ನೋ ಇಟ್ಟುಕೊಂಡು ಪಕ್ಕದಲ್ಲೇ ಕೂತು, ಕೊನೆಯವರೆಗೂ ಏಳದೆ ನೋಡುತ್ತಿದ್ದರು. ನಮ್ಮಾಕೆಗೂ ಸಂಗೀತದ ರುಚಿ ಹತ್ತಿಸಿದೆ ಎಂದು ಇವರ ಹೆಮ್ಮೆ.

ಬಸಲಿಂಗಮ್ಮನವರ ದನಿಯನ್ನು ನಮ್ಮ ಬೀದಿಯಲ್ಲಿ ಸರಿಯಾಗಿ ಕೇಳಿದವರು ಕಡಿಮೆ. ತರಕಾರಿಯವನೊಂದಿಗೆ ತೆಲುಗಿನಲ್ಲಿ ಚೌಕಾಶಿ ಮಾಡಿದರೂ ಅವನು ಬಗ್ಗಿ ಕಿವಿ ಕೊಡಬೇಕು. ಅವರ ತವರು ಸೇಡಂ. ಬೇಗಂಪೇಟೆಯಲ್ಲಿ ರೈಲು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರಬಹುದು. ಆದರೆ ಆ ಊರಿಗೆ ಅವರು ಕಾಲಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ಕೇಳಿದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದು. ಬಸಲಿಂಗಮ್ಮನವರ ತಮ್ಮ ಕಲ್ಯಾಣಪ್ಪ ಸೇಡಮ್ಮಿನಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡರು. ಕರೆಯೋಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಮೇಲೆ ಫೋನು ಮಾಡಿ ಬರಬೇಕೆಂದು ಹೇಳಿದರು. ಶಿವಶರಣಪ್ಪನವರು ಆ ಮನೆಯ ಹಿರಿಯ ಅಳಿಯ. ಹಿರಿಯ ಅಳಿಯನನ್ನು ಮನೆಗೆ ಬಂದು, ಕುಂಕುಮ ಅಕ್ಷತೆ ಕೊಟ್ಟು ಕರೆಯಬೇಕೇ ಹೊರತು ಫೋನಿನಲ್ಲಿ ಫೋಟೊ ಕಳಿಸಿ ಕರೆಯುತ್ತಾರೆಯೇ ಎಂದು ಇವರಿಗೆ ಸಿಟ್ಟು. ವಾಸ್ತುವಿಗೆ ಹೋಗಲಿಲ್ಲ. ಆಮೇಲಿನ ಹಬ್ಬಕ್ಕೆ ಹೋಗಲಿಲ್ಲ. ಆಮೇಲೆ ಹೋಗದಿರುವುದೇ ರೂಢಿಯಾಯಿತು. ಬಂದು ಕರೆಯಲಿ, ಬರುತ್ತೇನೆ, ಇದು ಇವರ ಪಟ್ಟು. ಫೋನು ಮಾಡಿದ್ದೂ ಕರೆದಂತೆಯೇ, ಇದು ಅವರ ಪಟ್ಟು. ನಡುವೆ ಬಸಲಿಂಗಮ್ಮ ಪ್ರತಿ ವರ್ಷವೂ ಅದೇ ಒಂದು ಮಾತು ಹೇಳುತ್ತಿದ್ದರು: ‘ಅಡ್ಡಿ ಇಲ್ಲ ಬಿಡ್ರಿ.’

ಇಟಲಿಯ ಹೆಣ್ಣಿಗೆ ತವರಿಗೆ ಹೋಗಲು ಆಗಲಿಲ್ಲವಲ್ಲ ಎಂದು ಭಾನುವಾರ ಭಾನುವಾರ ಕಣ್ಣೊರೆಸಿಕೊಳ್ಳುವ ಗಂಡಸಿಗೆ, ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂತವಳು ಯಾರು ಅನ್ನುವುದು ಹೊಳೆಯಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ನೀವೊಬ್ಬರೇ ರೈಲು ಹತ್ತಿ ಹೋಗಿಬಿಡಿ, ನಾನು ಬಂದು ಹತ್ತಿಸುತ್ತೇನೆ ಎಂದು ಎಷ್ಟೋ ಸಲ ಬಸಲಿಂಗಮ್ಮನವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಅಳಿಯ ಯಾಕೆ ಬರಲಿಲ್ಲ ಎಂದು ತಾಯಿ ಕೇಳಿದರೆ ಏನು ಹೇಳುವುದು, ಸಿಟ್ಟು ಹೊತ್ತುಕೊಂಡು ಹೋದರೆ ತವರಿಗೆ ಹೋದಂತೆ ಆಗುವುದಿಲ್ಲ ಎಂದರು.

ತಾಯಿ ಬಂಡೆಮ್ಮ ಇನ್ನೂ ಇದ್ದರು, ತೊಂಬತ್ತರ ಆಸುಪಾಸು. ತಮ್ಮನ ಹೆಂಡತಿಗೆ ಬಸಲಿಂಗಮ್ಮ ಆಗೀಗ ಮಾಳಿಗೆ ಹತ್ತಿ, ಸಂಡಿಗೆ ಒಣಹಾಕುವ ನೆವದಲ್ಲಿ ಗುಟ್ಟಾಗಿ ಫೋನು ಮಾಡಿ ತಾಯಿಯ ಸುದ್ದಿ ಕೇಳುತ್ತಿದ್ದರು. ಆದರೆ ತಾಯಿಯ ಜೊತೆ ಮಾತಾಡಲು ಆಗುತ್ತಿರಲಿಲ್ಲ. ಬಂಡೆಮ್ಮನವರಿಗೆ ಕಿವಿ ಮಂದ. ಅವರಿಗೆ ಕೇಳಿಸಬೇಕಾದರೆ ಒದರಬೇಕು. ಮಾಳಿಗೆಯ ಮೇಲೆ ನಿಂತು ಒದರಿದರೆ ಕೆಳಗೆ ಶಿವಶರಣಪ್ಪನವರಿಗಷ್ಟೇ ಅಲ್ಲ, ಇಡೀ ಕುಷಾಯಿಗೂಡಕ್ಕೆ ಕೇಳಿಸುತ್ತದೆ. ಹೀಗಾಗಿ ಒಂಬತ್ತು ವರ್ಷ ತಾಯಿ ಮಗಳು ಒಂದು ಮಾತು ಆಡಿರಲಿಲ್ಲ.

ಈ ವರ್ಷ ಆಷಾಢ ಮುಗಿಯುತ್ತ ಬಂದಾಗ ಕಲ್ಯಾಣಪ್ಪನವರ ಫೋನು ಬಂತು. ಅವ್ವ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಅಕ್ಕನ ಹೆಸರು ಹಿಡಿದು ಕೂತಿದ್ದಾಳೆ, ಈ ಪಂಚಮಿಗಾದರೂ ಕಳಿಸಿಕೊಡಿ ಎಂದು. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ತಾಯಿಯನ್ನು ಒಂದು ದಿನವೂ ಬಿಟ್ಟು ಬರುವ ಹಾಗಿಲ್ಲ ಎಂದು ಕಲ್ಯಾಣಪ್ಪ ಹೇಳಿದರಂತೆ. ಶಿವಶರಣಪ್ಪನವರು, ಇದೂ ಫೋನಿನಲ್ಲೇ ಆಯಿತಲ್ಲ ಎಂದು ಫೋನು ಇಟ್ಟುಬಿಟ್ಟರು. ಬಸಲಿಂಗಮ್ಮ ಅದೇ ‘ಅಡ್ಡಿ ಇಲ್ಲ ಬಿಡ್ರಿ’ ಎಂದು ಹೇಳಿ ಒಳಗೆ ಹೋದರು. ಅವರ ಸೊಸೆ ರಶ್ಮಿ ಇದನ್ನೆಲ್ಲ ನನಗೆ ಕಾಂಪೌಂಡ್ ಗೋಡೆಯ ಮೇಲಿಂದ ಹೇಳಿದಾಗ ಅವಳ ಮುಖ ಕೆಂಪಾಗಿತ್ತು.

ಇದೇ ಹೊತ್ತಿಗೆ ನಮ್ಮ ಸಂಘದಲ್ಲಿ ಶ್ರಾವಣದ ಕಾರ್ಯಕ್ರಮ. ಉಪನ್ಯಾಸಕ್ಕೆ ಬರಬೇಕಾದವರು ಕೊನೆ ಗಳಿಗೆಯಲ್ಲಿ ಕೈಕೊಟ್ಟರು. ನಾನು ಶಿವಶರಣಪ್ಪನವರನ್ನು ಕೇಳಿದೆ. ಇಪ್ಪತ್ತು ವರ್ಷದಿಂದ ಇದೇ ಕರೆಗೆ ಕಾದಿದ್ದವರಂತೆ ಒಪ್ಪಿದರು. ‘ಇಟಲಿ ದೇಶದ ಸಂಗೀತ ನಾಟಕ ಮನಿ: ರಸಗ್ರಹಣ’ ಎಂದು ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸಿದೆ. ಹೀಗೆ ಕರೆದದ್ದಕ್ಕೆ ಅವರು ತಕರಾರು ತೆಗೆಯಲಿಲ್ಲ.

ರಶ್ಮಿ ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮಾವನ ಗೆರೆ ಗೆರೆ ಚಿತ್ರವನ್ನು ನಾಲ್ಕು ಜನರ ಮುಂದೆ ಹೇಗೆ ತೋರಿಸುವುದು ಎಂದು ಅವಳು ಆ ಹಾಡಿನ ತುಣುಕನ್ನು ಫೋನಿಗೆ ಕೇಳಿಸಿ, ಅದೇನೇನೋ ಹುಡುಕಿ, ಇಂಟರ್‌ನೆಟ್ಟಿನಲ್ಲಿ ಅದೇ ಪ್ರಯೋಗವನ್ನು ಪತ್ತೆಮಾಡಿದಳು. ಅಷ್ಟೇನೂ ಹೆಸರಾಗದ ಒಪೆರಾ ಅದು, ಇಟಲಿಯವರೇ ಮರೆತದ್ದು. ಚಿತ್ರ ಕನ್ನಡಿಯಂತೆ ಸ್ಪಷ್ಟ. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬೇರೆ ಬರುತ್ತಿತ್ತು. ಅವಳು ಒಂದು ಮಧ್ಯಾಹ್ನ ಕೂತು ಪೂರ್ತಿ ನೋಡಿದಳು, ನೋಡಿ ಗಾಬರಿಯಾದಳು.

ಮಾವಾರ, ಕಥಿ ಸ್ವಲ್ಪ ಬ್ಯಾರೆ ಐತ್ರಿ ಎಂದು ಅವಳು ಮೊದಲೇ ಹೇಳಿದ್ದು ನಿಜ. ಇಂಗ್ಲಿಷಿನವರು ಇಟಾಲಿಯನ್ನನ್ನು ತಪ್ಪು ತಿಳಿದುಕೊಂಡಿರಬೇಕು ಎಂದು ಶಿವಶರಣಪ್ಪನವರು ತಳ್ಳಿಹಾಕಿದರು. ಸ್ಪಷ್ಟ ಚಿತ್ರವನ್ನು ದೊಡ್ಡ ಗೋಡೆಯ ಮೇಲೆ ಎಲ್ಲರ ಜೊತೆಗೇ ಮೊದಲ ಸಲ ನೋಡುತ್ತೇನೆ ಎಂದು ಹಟ ಹಿಡಿದರು. ಮೇಲೆ, ಹೆಂಗಸರಿಗೆ ಅನುಕೂಲವಾಗಲಿ, ಕೆಳಗೆ ಬರುವ ಇಂಗ್ಲಿಷನ್ನು ನೀನೇ ಕನ್ನಡದಲ್ಲಿ ಓದಿ ಹೇಳು ಎಂದು ಸೊಸೆಗೇ ಕೆಲಸ ಒಪ್ಪಿಸಿದರು.

ಪಂಚಮಿಗೆ ಮೊದಲು ಬಂದ ಆ ಭಾನುವಾರ ಹತ್ತು ಗಂಟೆಗೆ ಸಮುದಾಯ ಭವನ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಭಜಿಯ ವಾಸನೆ ಮೊದಲೇ ಬಂದಿದ್ದು ಅದಕ್ಕೆ ಒಂದು ಕಾರಣವಿರಬಹುದು. ಕಿಟಕಿಗೆ ಜಮಖಾನೆ ಇಳಿಬಿಟ್ಟು ಕತ್ತಲು ಮಾಡಿದೆವು. ಶಿವಶರಣಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮೈಕು ಹಿಡಿದು, ತವರಿನ ಹಂಬಲ ಎನ್ನುವುದು ದೇಶ ಭಾಷೆ ನೋಡುವುದಿಲ್ಲ ಎಂದು ಶುರುಮಾಡಿ ಇಡೀ ಕಥೆ ಹೇಳಿದರು. ಸೊಗಸಾಗಿ ಹೇಳಿದರು. ಅಣ್ಣ ತಡವಾಗಿ ಬಂದ ಜಾಗದಲ್ಲಿ ಮುಂದಿನ ಸಾಲಿನ ಇಬ್ಬರು ಅಜ್ಜಿಯರು ಸೆರಗು ಕಣ್ಣಿಗೆ ಒತ್ತಿಕೊಂಡರು. ಬಸಲಿಂಗಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಅಂದು ಮಡಿಲಲ್ಲಿ ಹಸನು ಮಾಡಲು ಏನೂ ಇರಲಿಲ್ಲ.

ಚಿತ್ರ ಶುರುವಾಯಿತು. ಕಿಟಕಿಯ ಸರಳುಗಳ ನಡುವೆ ಆ ಎರಡು ಕೈ ಬಂದವು. ದನಿ ಎದ್ದಿತು: ‘ಮಾ...ನಿ.’

‘ನೋಡ್ರಿ, ಮನಿ’ ಎಂದರು ಶಿವಶರಣಪ್ಪನವರು ಮೈಕಿನಲ್ಲಿ.

ರಶ್ಮಿ ಓದಲಿಲ್ಲ. ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡಿ ಅಳಿಸಿ ಮತ್ತೆ ಮೂಡಿತು. ಓದವ್ವಾ, ಯಾಕ ನಿಂತಿ ಎಂದು ಮಾವನೇ ಅವಸರಿಸಿದರು.

‘ಮನಿ ಅಲ್ರೀ ಮಾವಾರ’ ಎಂದಳು ಅವಳು, ತಲೆ ತಗ್ಗಿಸಿ. ‘ಕೈ ಅಂತ. ಅವರ ಭಾಷಾದಾಗ ಮಾನಿ ಅಂದ್ರ ಕೈಗಳು.’

ಅಲ್ಲಿಂದ ಮುಂದೆ ಯಾರೂ ಏನೂ ತಡೆಯುವ ಹಾಗಿರಲಿಲ್ಲ. ಅದು ಅತ್ತೆಮನೆ ಅಲ್ಲ, ಅವಳ ಅಪ್ಪನ ಮನೆಯೇ. ಕಸೂತಿ ಹಾಕುವ ಹುಡುಗಿ. ಕಟ್ಟುನಿಟ್ಟಿನ ಅಪ್ಪ ಕಿಟಕಿಯ ಹಿಂದೆ ಕೂರಿಸಿದ್ದಾನೆ. ದಾರಿಯಲ್ಲಿ ಹೋಗುವ ತರುಣ ಅವಳ ಮುಖ ನೋಡದೆ ಕೈಗಳನ್ನಷ್ಟೇ ನೋಡಿ ಮೋಹಗೊಂಡಿದ್ದಾನೆ. ‘ಬೆಲ್ಲ’ ಅಂದರೆ ಚೆಲುವೆ. ‘ಎಲ್ಲಾ’ ಅಂದರೆ ಅವಳು. ರಶ್ಮಿ ಒಂದೊಂದೇ ಓದುತ್ತ ಹೋದಳು, ಹಿಂದಿನ ಸಾಲಿನಿಂದ ಒಂದೊಂದೇ ನಗು ಏಳುತ್ತ ಹೋಯಿತು. ಕೊನೆಗೆ ಆ ಗೆರೆಗಳ ಜಾಗ ಬಂತು. ಗೆರೆಗಳು ಇರಲಿಲ್ಲ. ಇಪ್ಪತ್ತು ವರ್ಷದಿಂದ ಶಿವಶರಣಪ್ಪನವರು ಅಣ್ಣ ಅಣ್ಣ ಎಂದು ಕೊಂಡಾಡಿದ ಹುಡುಗ ಆ ‘ತಂಗಿ’ಯನ್ನು ಬರಸೆಳೆದು, ಕನ್ನಡಿಯಂಥ ಸ್ಪಷ್ಟ ಚಿತ್ರದಲ್ಲಿ, ತುಟಿಗೆ ತುಟಿ ಸೇರಿಸಿ ಮುತ್ತಿಟ್ಟ. ಸಣ್ಣ ಮುತ್ತಲ್ಲ, ಪಿಟೀಲಿನವರು ಸುಸ್ತಾಗುವವರೆಗೆ. ಮುಂದಿನ ಸಾಲಿನ ಅಜ್ಜಿಯರು ಸೆರಗನ್ನು ಈಗ ಪೂರ್ತಿ ಮುಖಕ್ಕೆ ಹಾಕಿಕೊಂಡರು. ಯಾರೋ ಸಿಳ್ಳೆ ಹೊಡೆದರು. ಇದೂ ಅಲ್ಲಿನ ಅಣ್ಣಂದಿರ ಪದ್ಧತಿಯೇ ಎಂದು ನನ್ನ ಗಂಡ ಗುರುರಾಜ ಕೇಳಿದರು. ಅವರಿಗೆ ಹೊತ್ತು ಗೊತ್ತು ಇಲ್ಲ. ಭವನ ನಗುವಿನಲ್ಲಿ ಬಿದ್ದು ಎದ್ದಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ರಶ್ಮಿ ಚಿತ್ರ ನಿಲ್ಲಿಸಿ ದೀಪ ಹಾಕಿದಳು. ಶಿವಶರಣಪ್ಪನವರು ಮೈಕು ಹಿಡಿದುಕೊಂಡೇ ನಿಂತಿದ್ದರು. ನಗು ತಾನಾಗಿ ಇಳಿಯಿತು, ಯಾಕೆಂದರೆ ಅವರ ಮುಖ ನೋಡಿ ನಗುವುದು ಯಾರಿಗೂ ಆಗಲಿಲ್ಲ.

‘ನನಗ ಮನಿ ಅಂತನ ಕೇಳಿಸ್ತಿತ್ತು’ ಎಂದರು. ಅಷ್ಟೇ.

ನನ್ನ ಪಕ್ಕದ ಕುರ್ಚಿ ಸದ್ದು ಮಾಡಿತು. ಬಸಲಿಂಗಮ್ಮ ಎದ್ದು ನಿಂತಿದ್ದರು. ಸಂಘದ ಸಭೆಯಲ್ಲಿ ಅವರು ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ. ದನಿ ಎಂದಿನಂತೆ ಸಣ್ಣದೇ, ಆದರೆ ಭವನದಲ್ಲಿ ಅಷ್ಟು ಹೊತ್ತಿಗೆ ಬೇರೆ ಸದ್ದಿರಲಿಲ್ಲ.

‘ಅಕೀ ಕೈ ಅಂದಿರಲಿ, ಕಾಲು ಅಂದಿರಲಿ. ನಿಮಗ ಮನಿ ಅಂತ ಕೇಳಸ್ತಿತ್ತಲ್ರೀ, ಅದಕ್ಕ ನಾ ಪ್ರತಿ ಐತವಾರ ನಿಮ್ಮ ಬಾಜೂಕ ಬಂದು ಕುಂದ್ರತಿದ್ದೆ. ಒಂದಿನ ನಂದೂ ಕೇಳಿಸೀತು ಅಂತ.’

ಶಿವಶರಣಪ್ಪನವರು ಹೆಂಡತಿಯನ್ನು ನೋಡಿದರು. ಅವರಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾಗುತ್ತಿದ್ದಂತೆ ಮುಖ ಸಣ್ಣದಾಯಿತು.

‘ನೀ ಅಡ್ಡಿ ಇಲ್ಲ ಅಂತಿದ್ದೆಲ್ಲ’ ಎಂದರು.

‘ಅಕೀನೂ ಅಂತಿದ್ಲಲ್ರೀ, ಸಾಯೂ ಮುಂದ.’

ಅಡ್ಡೀಯೋ ಅಂದರೆ ಅದೂ ಬೇರೆ ಎಂದು ತಿದ್ದಲು ರಶ್ಮಿ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಒತ್ತಿದೆ. ಇಂಗ್ಲಿಷ್ ಮೇಷ್ಟರಿಗೂ ಸುಮ್ಮನಿರಬೇಕಾದ ಹೊತ್ತು ಎಂಬುದಿರುತ್ತದೆ.

ಶಿವಶರಣಪ್ಪನವರು ಮೈಕನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಫೋನು ತೆಗೆದರು. ಕನ್ನಡಕ ಹಾಕಿಕೊಂಡರು, ಹುಡುಕಿದರು, ಸಿಗಲಿಲ್ಲ. ಸಿಟ್ಟಿನಲ್ಲಿ ಯಾವತ್ತೋ ಆ ನಂಬರು ಅಳಿಸಿದ್ದರು. ಕಲ್ಯಾಣಪ್ಪನ ನಂಬರು ಎಷ್ಟು ಎಂದು ಎಲ್ಲರ ಎದುರಿಗೆ ಹೆಂಡತಿಯನ್ನು ಕೇಳಬೇಕಾಯಿತು. ಬಸಲಿಂಗಮ್ಮ ಹತ್ತೂ ಅಂಕಿಗಳನ್ನು ಎಲ್ಲೂ ನಿಲ್ಲದೆ ಹೇಳಿದರು.

ನಮ್ಮ ಸಂಘದವರಿಗೆ ಮರ್ಯಾದೆ ಇದ್ದಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.

‘ಕಲ್ಯಾಣಪ್ಪಾ, ನಾ ಶಿವಶರಣಪ್ಪ ಮಾತಾಡಾಕತ್ತೀನಿ’ ಎಂದರು ಅವರು. ‘ನೀ ಅವ್ವನ್ನ ಬಿಟ್ಟು ಎಲ್ಲೂ ಬರಬ್ಯಾಡ. ಪಂಚಮಿಗೆ ನಿಮ್ಮ ಅಕ್ಕನ್ನ ನಾನ ಕರಕೊಂಡು ಬರ್ತೀನಿ.’ ಸ್ವಲ್ಪ ತಡೆದು, ‘ನಾನೂ ಬರ್ತೀನಿ. ಕರದ್ರೂ ಬರ್ತೀನಿ, ಕರೀದಿದ್ರೂ ಬರ್ತೀನಿ’ ಎಂದರು.

ಆ ಕಡೆಯಿಂದ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಶಿವಶರಣಪ್ಪನವರು ಹೂಂ, ಹೂಂ ಎನ್ನುತ್ತ ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ತಿರುಗಿ ಬಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಅವ್ವ ಎಚ್ಚರ ಇದ್ದಾಳಂತೆ, ಮಾತಾಡು ಎಂದರು. ಫೋನನ್ನು ತಾಯಿಯ ಕಿವಿಗೆ ಹಿಡಿಯಲು ಬಸಲಿಂಗಮ್ಮ ತಮ್ಮನಿಗೆ ಹೇಳಿದರು. ಸ್ಪೀಕರು ಒತ್ತಿದ್ದು ಯಾರೋ ತಿಳಿಯದು. ಆ ಕಡೆಯಲ್ಲಿ ಬಂಡೆಮ್ಮನವರು ಉಸಿರಾಡುವುದು ಕೂಡ ಭವನಕ್ಕೆಲ್ಲ ಕೇಳುತ್ತಿತ್ತು.

‘ಅವ್ವಾ’ ಎಂದರು ಬಸಲಿಂಗಮ್ಮ.

ಯಾರು ಎಂದಿತು ಆ ಮುದಿ ದನಿ. ಇವರು ಮತ್ತೆ ಕರೆದರು, ಸ್ವಲ್ಪ ಜೋರಾಗಿ. ಯಾರು, ಯಾರು ಎಂದು ಮತ್ತೆ ಅದೇ. ಬಸಲಿಂಗಮ್ಮ ನಮ್ಮ ಕಡೆ ನೋಡಿದರು, ಗಂಡನ ಕಡೆ ನೋಡಿದರು. ಗಂಡ ತಲೆಯಾಡಿಸಿ, ಒದರು ಎಂದು ಕೈಮಾಡಿದರು. ಆಗ ಆ ಹೆಣ್ಣುಮಗಳು ಎದೆ ತುಂಬ ಉಸಿರು ತೆಗೆದುಕೊಂಡಳು. ಅರವತ್ತು ದಾಟಿದ, ಮೊಮ್ಮಕ್ಕಳಿದ್ದ, ತರಕಾರಿಯವನಿಗೂ ಕೇಳಿಸದ ಆ ಗಂಟಲಿನಲ್ಲಿ ಅಂಥ ದನಿ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

‘ಅವ್ವಾ! ನಾನು, ಬಸ್ಸಿ! ಬರಾಕತ್ತೀನಿ!’

ಭವನದ ಚಾವಣಿಯ ತಗಡು ಝಲ್ಲೆಂದಿತು. ಹೊರಗೆ ಭಜಿ ಕರಿಯುತ್ತಿದ್ದವರು ಏನಾಯಿತೆಂದು ಓಡಿ ಬಂದರು. ಶಿವಶರಣಪ್ಪನವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಫೋನಿನಿಂದ ಬಂಡೆಮ್ಮನವರು ಅಂದರು:

‘ಯಾಕ ಅಷ್ಟು ಒದರ್ತಿ, ಬಸ್ಸಿ? ಕೇಳಸ್ತೈತಿ. ಲಗೂನ ಬಾ.’